ಬೇರೆ ಪರದೆಯ ಕೀಲಿ

ನಾನು ಪ್ರೊಜೆಕ್ಟರ್ ಆಪರೇಟರ್ ಕೆಲಸದಿಂದ ನಿವೃತ್ತನಾದ ಮರುವರ್ಷ ಬಳ್ಳಾರಿಯ ಕೆಲವು ಗೆಳೆಯರು ಹೊಸ ನಿರ್ದೇಶಕರಿಗಾಗಿ ಒಂದು ಸ್ವತಂತ್ರ ಚಿತ್ರೋತ್ಸವ ನಡೆಸಿದರು. ಎರಡು ಪರದೆಯ ಮಂದಿರ, ಮೂರು ದಿನ, ಪ್ರೊಜೆಕ್ಷನ್ ಹೊಣೆ ನನ್ನದು. ಮೂವತ್ತೆಂಟು ವರ್ಷಗಳಲ್ಲಿ ಒಂದು ಆಟವನ್ನೂ ನಡುವೆ ನಿಲ್ಲಿಸಿದವನಲ್ಲ ಎಂಬ ಜಂಬವೂ ನನ್ನದೇ.

ಕೊನೆಯ ದಿನ, ಭಾನುವಾರ ಹನ್ನೊಂದಕ್ಕೆ ಸಿರುಗುಪ್ಪದ ನಸೀಮಾಳ ಚಿತ್ರವಿತ್ತು. ಆಕೆ ತಂದೆಯ ಗಾದಿ ಅಂಗಡಿಯಲ್ಲಿ ಹತ್ತಿ ತುಂಬಿ ಹೊಲಿಯುವ ಹುಡುಗಿ. ಕುರುಗೋಡಿನ ಕಲ್ಲು ಕ್ವಾರಿಯ ಹೆಂಗಸರನ್ನೇ ಪಾತ್ರ ಮಾಡಿಕೊಂಡು ಎರಡು ವರ್ಷ ಚಿತ್ರೀಕರಿಸಿದ್ದಳು. ಹನ್ನೊಂದು ಉತ್ಸವಗಳು ಬೇಡವೆಂದಿದ್ದವು. ಅಂದು ಹೊರರಾಜ್ಯದ ದೊಡ್ಡ ಉತ್ಸವವೊಂದರ ಆಯ್ಕೆಗಾರರು ಅದನ್ನು ನೋಡಲೆಂದೇ ಕೂತಿದ್ದರು. ಎರಡು ಗಂಟೆಗೆ ಅವರ ರೈಲು.

ಹತ್ತೂವರೆಗೆ ತಮ್ಮ ಚಿತ್ರ ನೋಡಲೆಂದು ಕುರುಗೋಡಿನಿಂದ ಎರಡು ಬಸ್ಸು ಜನ ಇಳಿದರು. ನಸೀಮಾಳ ಚಿತ್ರಕ್ಕೆ ನಿಗದಿಯಾಗಿದ್ದ ಚಿಕ್ಕ ಹಾಲ್‌ನಲ್ಲಿ ಎಂಬತ್ತೇ ಕುರ್ಚಿ. ದೊಡ್ಡ ಹಾಲ್‌ನಲ್ಲಿ ತೆಕ್ಕಲಕೋಟೆಯ ವೀರೇಶನ ಮೊದಲ ಚಿತ್ರ, ಬಂದಿದ್ದವರು ಒಂಬತ್ತು ಮಂದಿ. ಯಾರನ್ನೂ ಕೇಳದೆ ಎರಡನ್ನೂ ಅದಲುಬದಲು ಮಾಡಿದೆ. ರೀಲಿನ ಕಾಲದಲ್ಲಿ ಪೆಟ್ಟಿಗೆ ಹೊತ್ತುಕೊಂಡು ಆಚೆ ಕ್ಯಾಬಿನ್‌ಗೆ ಹೋದರೆ ಮುಗಿಯಿತು, ಆ ಚಾಳಿ.

ಹನ್ನೊಂದಕ್ಕೆ ಗುಂಡಿ ಒತ್ತಿದರೆ ಪರದೆ ಕಪ್ಪಗೇ ಉಳಿಯಿತು. ಕಳ್ಳ ಪ್ರತಿ ಆದೀತೆಂಬ ಹೆದರಿಕೆಗೆ ನಸೀಮಾ ಚಿತ್ರಕ್ಕೆ ಡಿಜಿಟಲ್ ಬೀಗ ಹಾಕಿಸಿದ್ದಳು. ಅದನ್ನು ತೆರೆಯುವ ಫೈಲಿಗೆ ಕೆಡಿಎಂ ಎನ್ನುತ್ತಾರೆ. ಅದು ಒಂದೇ ಪ್ರೊಜೆಕ್ಟರಿಗೆ, ಗೊತ್ತುಮಾಡಿದ ಹೊತ್ತಿಗಷ್ಟೇ ನಡೆಯುವ ಕೀಲಿ. ಇವಳ ಕೀಲಿ ಚಿಕ್ಕ ಹಾಲ್‌ನದು, ಚಿತ್ರ ಹನ್ನೆರಡರೊಳಗೆ ಶುರುವಾಗಬೇಕು. ಹೊಸ ಕೀಲಿಗಾಗಿ, ಬೀಗ ಹಾಕಿಕೊಟ್ಟ ಲ್ಯಾಬಿಗೆ ಏಳು ಸಲ ಫೋನ್ ಮಾಡಿದೆ. ಭಾನುವಾರ ಯಾರು ಎತ್ತುತ್ತಾರೆ?

ನಸೀಮಾ ಕ್ಯಾಬಿನ್ ಮೆಟ್ಟಿಲ ಮೇಲೆ ಕುಸಿದು ಕೂತಳು. “ಇದ ಕೊನೇದು ಅಂತ ನಮ್ಮ ಅಬ್ಬಾಗ ಮಾತು ಕೊಟ್ಟು ಬಂದೀನ್ರಿ ಸರ್. ಇದೂ ಹೋತಂದ್ರ ನಾ ಕ್ಯಾಮೆರಾ ಮುಟ್ಟಾಂಗಿಲ್ಲ.”

ಉಪಕಾರ ಮಾಡಲು ಹೋಗಿ ಒಬ್ಬಳ ಎರಡು ವರ್ಷಕ್ಕೆ ಮಣ್ಣು ಹಾಕಿದ್ದೆ. ಚಿಕ್ಕ ಹಾಲ್‌ನಲ್ಲಿ ವೀರೇಶನ ಚಿತ್ರ ಓಡುತ್ತಿತ್ತು. ಮೊದಲ ಸಲ ಪರದೆ ಕಂಡವನಿಗೆ ನಿಲ್ಲಿಸು ಎಂದು ಯಾವ ಬಾಯಲ್ಲಿ ಹೇಳಲಿ? ಹನ್ನೊಂದೂ ನಲವತ್ತಕ್ಕೆ ಗಲಾಟೆ ಕೇಳಿ ಅವನೇ ಮೇಲೆ ಬಂದ. ವಿಷಯ ತಿಳಿದು ನಸೀಮಾಳನ್ನೊಮ್ಮೆ ನೋಡಿದ.

“ನಂದು ನಿಲ್ಸ್ರಿ ಸಾರ್,” ಅಂದ. “ನನ್ನ ಪಿಚ್ಚರ್‌ಗೆ ಬೀಗ ಇಲ್ಲ. ಯಾವ ಗ್ವಾಡಿ ಮ್ಯಾಲ ಬಿಟ್ರೂ ಓಡ್ತೈತಿ.”

ವೃತ್ತಿಯಲ್ಲಿ ಮೊದಲ ಸಲ ಓಡುವ ಚಿತ್ರವನ್ನು ನಡುವೆ ನಿಲ್ಲಿಸಿದೆ. ನಸೀಮಾಳ ಚಿತ್ರ ಹನ್ನೆರಡಕ್ಕೆ ನಾಲ್ಕು ನಿಮಿಷ ಇರುವಾಗ ಚಿಕ್ಕ ಹಾಲ್‌ನಲ್ಲೇ ಶುರುವಾಯಿತು. ಆಯ್ಕೆಗಾರರನ್ನು ಕೂರಿಸಿ, ಉಳಿದ ಕುರ್ಚಿಗಳಿಗೆ ಕ್ವಾರಿಯ ಹೆಂಗಸರನ್ನು ಒಳಗೆ ಬಿಟ್ಟು, ಆಕೆ ಬಾಗಿಲ ಹೊರಗೇ ನಿಂತಳು. ಜಾಗ ಸಿಗದವರು ದೊಡ್ಡ ಹಾಲ್‌ನಲ್ಲಿ ಕೂತು ವೀರೇಶನ ಚಿತ್ರವನ್ನು ಮೊದಲಿನಿಂದ ನೋಡಿದರು.

ಚಿತ್ರ ಮುಗಿದೊಡನೆ ಆಯ್ಕೆಗಾರರು ಕೈಗಡಿಯಾರ ನೋಡುತ್ತ ರೈಲಿಗೆ ಓಡಿದರು. ಎರಡು ತಿಂಗಳ ಮೇಲೆ ಉತ್ತರ ಬಂತು: ಆಯ್ಕೆಯಾಗಿಲ್ಲ. ಕೊನೆಗೆ ಧೈರ್ಯ ಮಾಡಿ ನಸೀಮಾಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

“ಆಮ್ಯಾಲ ಮಾತಾಡ್ತೀನ್ರಿ ಸರ್, ಅಂಗಡಿ ಶಟರ್ ಕೆಳಗ ಎಳ್ಯಾಕತ್ತೀನಿ,” ಅಂದಳು. “ವೀರೇಶಂದು ಶೂಟಿಂಗ್ ಐತಿ, ಕ್ಯಾಮೆರಾ ಹಿಡಿಯಾಕಿ ನಾನ.”

“ಮತ್ತೆ ಅಬ್ಬಾಗೆ ಕೊಟ್ಟ ಮಾತು?”

“ಅಬ್ಬಾನ ಹೇಳ್ಯಾರ್ರಿ, ನಿನ್ನ ಸಲುವಾಗಿ ತನ್ನ ಪಿಚ್ಚರ್ ನಿಲ್ಸಿದಾಂವಗ ಇಲ್ಲ ಅನಬ್ಯಾಡ ಅಂತ.”

ಕೇಳದೆ ಉಪಕಾರ ಮಾಡಬಾರದು ಎಂಬುದು ನಾನು ಕಲಿತ ಪಾಠ. ಚಿಕ್ಕ ಉತ್ಸವಗಳಿಂದ ಏನು ಸಿಗುತ್ತದೆ ಎಂದು ಈಗ ಯಾರಾದರೂ ಕೇಳಿದರೆ, ಶೂಟಿಂಗಿಗೆ ಹೊರಟವಳು ಫೋನಿನಾಚೆ ಶಟರ್ ಎಳೆದ ಸದ್ದು ನೆನಪಾಗುತ್ತದೆ.