ಅಬ್ಬಿಯ ಮಡುವಿಗೆ ಬಿಟ್ಟ ಬಟ್ಟೆಗಳು

ಸರಸ್ವತಿಪುರಂನ ಆ ಮನೆಯಲ್ಲಿ ಅಕ್ಷತಾಳಿಗೆ ಎಲ್ಲದಕ್ಕೂ ಹೇಸುವವಳೆಂದೇ ಹೆಸರು. ಹೋಟೆಲಿನ ಲೋಟ ಒರೆಸದೆ ಕಾಫಿ ಕುಡಿಯಳು. ಸಿಟಿ ಬಸ್ಸಿನ ಕಂಬಿ ಹಿಡಿದ ಕೈಯನ್ನು ತೊಳೆಯದೆ ಮಗಳನ್ನು ಎತ್ತಿಕೊಳ್ಳಳು. ಟ್ಯುಟೋರಿಯಲ್ ಒಂದರಲ್ಲಿ ಟೈಪ್ ಮಾಡುವ ಕೆಲಸ. ಅಲ್ಲಿನ ಮೆಷಿನ್ನನ್ನೂ ದಿನಾ ಒರೆಸಿಯೇ ಕೂರುತ್ತಿದ್ದಳು. "ನಮ್ ಸೊಸೆ ತೀರ್ಥಾನೂ ಸೋಸ್ಕೊಂಡು ಕುಡೀತಾಳೆ ಕಣ್ರೀ" ಎಂದು ಅತ್ತೆ ಬಸಮ್ಮ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಅಕ್ಷತಾಳೂ ನಗುತ್ತಿದ್ದಳು. ನಕ್ಕುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಎರಡು ಸಾವಿರದ ಎರಡರಲ್ಲಿ ಮೂರು ವರ್ಷದ ಮಗಳು ಪಾವನಿಗೆ ಮೈತುಂಬ ಕಜ್ಜಿ ಎದ್ದಿತು. ಗುಣವಾದರೆ ಬೆಟ್ಟದಿಂದ ಧುಮುಕುವ ಅಬ್ಬಿಯ ಕೆಳಗೆ ಮೀಯಿಸಿ, ತೊಟ್ಟ ಬಟ್ಟೆಯನ್ನು ಅಲ್ಲಿಯ ನೀರಿಗೇ ಬಿಟ್ಟು ಬರುತ್ತೇನೆಂದು ಬಸಮ್ಮ ಹರಕೆ ಹೊತ್ತರು. ಬಟ್ಟೆಯ ಜೊತೆ ರೋಗವೂ ಹರಿದುಹೋಗುತ್ತದೆಂಬುದು ಅವರ ಊರಿನ ಕಡೆಯ ನಂಬಿಕೆ. ಗುಣವಾದದ್ದು ಡಾಕ್ಟರು ಕೊಟ್ಟ ಮುಲಾಮಿನಿಂದ. ಆದರೆ ಮಗು ಕೆರೆದುಕೊಳ್ಳದಂತೆ ಅದರ ಕೈ ಹಿಡಿದುಕೊಂಡೇ ಕೂತಿದ್ದ ಮುದುಕಿಗೆ ಬೇಡವೆನ್ನಲು ಅಕ್ಷತಾಳಿಗೆ ಬಾಯಿ ಬರಲಿಲ್ಲ.

ಮಳೆಗಾಲ ಇಳಿಮುಖವಾದ ಮೇಲೆ ಬೀದಿಯವರೆಲ್ಲ ಸೇರಿ ವ್ಯಾನು ಮಾಡಿಕೊಂಡು ಹೊರಟರು. ವ್ಯಾನು ನಿಂತಲ್ಲಿಂದ ಮೇಲಕ್ಕೆ ಕಾಡುದಾರಿ. ಅಕ್ಷತಾ ಮಗಳಿಗೆ ಹಿಂದೆ ಪಟ್ಟಿಯಿದ್ದ ಚಪ್ಪಲಿ ಹಾಕಿ, ಪಾಚಿ ಕಂಡ ಕಡೆಯೆಲ್ಲ ಎತ್ತಿಕೊಂಡು ಹತ್ತಿದಳು. ದಾರಿಯುದ್ದಕ್ಕೂ ಗುಟ್ಕಾ ಚೀಟಿ, ಒಡೆದ ಬಾಟಲಿ, ಚಿತ್ರಾನ್ನ ಅಂಟಿದ ತಟ್ಟೆಗಳು. ಬಂಡೆಯೊಂದರ ಮರೆಯಿಂದ ನಾತ ಬಡಿಯಿತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಅಬ್ಬಿ ಚೆಂದವಾಗಿಯೇ ಇತ್ತು, ತಲೆಯೆತ್ತಿ ನೋಡುತ್ತಿದ್ದಷ್ಟು ಹೊತ್ತು. ತಲೆ ತಗ್ಗಿಸಿದರೆ ಮಡುವಿನ ತುಂಬ ಬಟ್ಟೆ. ಹಳೆಯ ಸೀರೆ, ಬನಿಯನ್ನು, ಲಂಗ, ಯಾವುದೋ ಕೂಸಿನ ಕುಲಾವಿ. ಕಲ್ಲು ಕಲ್ಲಿಗೂ ಲೋಳೆಯಾಗಿ ಸುತ್ತಿಕೊಂಡು, ಕರುಳು ಹೊರಬಿದ್ದಂತೆ ನೀರಿನಲ್ಲಿ ಅಲ್ಲಾಡುತ್ತಿದ್ದವು. ಅದೇ ನೀರನ್ನು ಜನ ಬೊಗಸೆಯಲ್ಲಿ ಕುಡಿಯುತ್ತಿದ್ದರು. ಅಕ್ಷತಾ ಮಗಳನ್ನು ಸೊಂಟಕ್ಕೆ ಅವುಚಿಕೊಂಡಳು.

"ಮಗೂನ ಇಳಿಸಲ್ಲ ಅತ್ತೆ" ಎಂದಳು.

"ಹರಿಯೋ ನೀರಿಗೆ ಎಂತಾ ಕೊಳೆ ಕಣಮ್ಮ? ಇಲ್ಲೂ ನಿನ್ ಹೇಸಿಗೆ ಸುರು ಆಯ್ತಾ?"

"ಎಷ್ಟ್ ಮನೆ ಕಜ್ಜಿ ಇದೆಯೋ ಇದರಲ್ಲಿ! ನೀರು ತಲೆಗೆ ಪ್ರೋಕ್ಷಣೆ ಮಾಡಿ ಸಾಕು. ಅದೂ ಮೇಲುಗಡೆ ಒರತೇದು."

ವ್ಯಾನಿನವರೆಲ್ಲ ನೋಡುತ್ತಿದ್ದರು. ಬಸಮ್ಮನ ಮುಖ ಕಪ್ಪಿಟ್ಟಿತು. ಅಮ್ಮನಿಗೂ ಹೆಂಡತಿಗೂ ನಡುವೆ ನಿಂತಿದ್ದ ಗುರುಕಿರಣ್ ಪ್ಯಾಂಟು ಮಡಚಿದ. "ಏನೂ ಆಗಲ್ಲ ಕಣೇ, ನೋಡು. ನಾನ್ ಒಂದ್ಸಲ ಹೋಗ್ಬಂದ್ಬುಡ್ತೀನಿ, ಆಮೇಲೆ ಮಗು ಕೊಡು."

ಸೊಂಟದುದ್ದದ ನೀರು. ನಾಲ್ಕು ಹೆಜ್ಜೆ ಹೋಗಿ ಕೈಬೀಸಿದವನು ಹಾಗೇ ಮುಗ್ಗರಿಸಿದ. ಎದ್ದ. ಕಾಲು ಬರಲಿಲ್ಲ. ಜಗ್ಗಿದ, ಮತ್ತೆ ಬಿದ್ದ. ಈ ಸಲ ನೀರು ತಲೆಯ ಮೇಲೆ ಹಾದುಹೋಯಿತು.

"ಸೀರೆ ಸುತ್ಕೊಂಡದೆ!" ಎಂದು ಯಾರೋ ಕೂಗಿದರು. ಪಕ್ಕದ ಮನೆಯ ರುದ್ರಸ್ವಾಮಿ ಶರ್ಟು ಬಿಚ್ಚುತ್ತ ನೀರಿಗೆ ಓಡಿದರು.

"ಯಾರೂ ಇಳೀಬೇಡಿ! ನಿಮ್ ಕಾಲಿಗೂ ಸುತ್ಕೊಳ್ತದೆ!" ಅಕ್ಷತಾಳ ಕಿರುಚಾಟಕ್ಕೆ ರುದ್ರಸ್ವಾಮಿ ನಿಂತರು. ದಡದಲ್ಲಿ ಅಡುಗೆ ಹೂಡಿದ್ದವರು ಸೌದೆಗೆಂದು ಎಳೆತಂದಿದ್ದ ಉದ್ದನೆಯ ಬಿದಿರಿನ ಗಳುವನ್ನು ತೋರಿಸಿದಳು. ಇಬ್ಬರು ಒಣಗಿದ ಬಂಡೆಯ ಮೇಲೆ ಕೂತು ಅದನ್ನು ಚಾಚಿದರು.

"ರೀ, ಜಗ್ಗಬೇಡಿ, ಬಿಗೀತದೆ! ಒಂದ್ ಕೈಲಿ ಗಳು ಹಿಡ್ಕೊಳ್ಳಿ, ಇನ್ನೊಂದ್ರಲ್ಲಿ ಬಿಚ್ಚಿ!"

ಬಿಚ್ಚಿದ. ದಡಕ್ಕೆ ಬಂದಾಗ ಮೊಣಕಾಲು ಸುಲಿದು, ಹಿಮ್ಮಡಿಗೆ ಲೋಳೆಲೋಳೆಯಾದ ಜರಿಯಂಚು ಅಂಟಿತ್ತು. ಕೆಮ್ಮಿ ಕೆಮ್ಮಿ ಕುಡಿದ ನೀರನ್ನು ಕಕ್ಕಿದ.

ಬಸಮ್ಮ ಮಗನ ತಲೆ ಒರೆಸಿದರು, ಅತ್ತರು, ದೇವರಿಗೆ ಕೈಮುಗಿದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಪಾವನಿಯ ಹಳೆಯ ಫ್ರಾಕನ್ನು ಚೀಲದಿಂದ ತೆಗೆದು ಮಡುವಿನ ಕಡೆ ಹೊರಟರು. ಅಕ್ಷತಾ ಅವರ ಕೈ ಹಿಡಿದಳು.

"ಇನ್ಯಾರ್ ಮಗನ್ ಕಾಲಿಗೆ ಅತ್ತೆ, ಇದು?"

ಬಸಮ್ಮ ಕೈ ಬಿಡಿಸಿಕೊಳ್ಳಲು ನೋಡಿದರು. ಆಮೇಲೆ ಬೆರಳು ಸಡಿಲಿಸಿದರು. ಫ್ರಾಕು ಸೊಸೆಯ ಕೈಗೆ ಬಂತು. ಮೇಲಿನ ಒರತೆಯಿಂದ ಚೊಂಬಿನಲ್ಲಿ ನೀರು ತಂದು ಮೊಮ್ಮಗಳ ನೆತ್ತಿಗೆ ಮೂರು ಹನಿ ಬಿಟ್ಟರು. "ಇಷ್ಟೇನಾ ಅಜ್ಜಿ?" ಎಂದಿತು ಮಗು. "ಇಷ್ಟೇ ಕಣಮ್ಮ, ನಿಮ್ಮವ್ವನ್ ಕಾನೂನು" ಎಂದರು ಬಸಮ್ಮ, ಯಾರ ಮುಖವನ್ನೂ ನೋಡದೆ.

ಅವರು ಇಳಿಯುವಾಗ ಇನ್ನೊಂದು ವ್ಯಾನಿನವರು ಹತ್ತುತ್ತಿದ್ದರು, ಕಂಕುಳಲ್ಲಿ ಬಟ್ಟೆಯ ಗಂಟು. ನೀರಿನಡಿ ಸೀರೆಗಳಿವೆ, ಇಳಿಯಬೇಡಿ ಎಂದು ಅಕ್ಷತಾ ಹೇಳಿದಳು. ತಲೆಯಾಡಿಸಿ ಹತ್ತಿಹೋದರು.

ವ್ಯಾನಿನಲ್ಲಿ ಗುರುಕಿರಣ್‌ಗೆ ಜೀವ ಬಂತು. "ಏನಿಲ್ಲ ಕಣ್ರೀ, ಸ್ವಲ್ಪ ಕಾಲ್ ಜಾರ್ತು ಅಷ್ಟೇ" ಎಂದು ಹಿಂದಿನ ಸೀಟಿನವರಿಗೆ ಹೇಳುತ್ತಿದ್ದ. ಹೆಂಡತಿಯ ಭುಜಕ್ಕೆ ಒರಗಲು ಬಂದ.

"ಅತ್ಲಾಗ್ ಕೂತ್ಕೊಳ್ಳಿ. ಮೈಯೆಲ್ಲ ಅದೇ ನಾತ" ಎಂದಳು ಅಕ್ಷತಾ. ಮೈ ಒದ್ದೆಯಾಗದ ಮಗಳು ಅವಳ ಮಡಿಲಲ್ಲಿ ನಿದ್ದೆ ಹೋಗಿದ್ದಳು.