ಅಮಾವಾಸ್ಯೆಯ ಮಗ್ಗಕ್ಕೆ ಒಂದು ಇಂಗ್ಲಿಷ್ ಪದ

ಸ್ನೇಹಿತರೇ, ಇವತ್ತು ಬೆಳಿಗ್ಗೆ ತಮಿಳುನಾಡಿನ ಅವಿನಾಶಿಯ ನಮ್ಮ ಮನೆಗೆ ಮಗ್ಗ ಪರಿಶೀಲಿಸಲು ಹೊಸೂರು ಕಡೆಯ ಕನ್ನಡಿಗ ಅಧಿಕಾರಿಯೊಬ್ಬರು ಬಂದರು. ಮಗ್ಗ ನಡೆಯುತ್ತಿದ್ದರೆ ಮಾತ್ರ ನಮ್ಮತ್ತೆಯ ನೇಕಾರರ ಗುರುತಿನ ಚೀಟಿ ಉಳಿಯುತ್ತದೆ.

"ಸ್ವಲ್ಪ ನೇಯ್ದು ತೋರಿಸಿ, ಅಮ್ಮ."

"ಇವತ್ತು ಅಮಾಸೆ, ತಂಬಿ. ನಾವು ಮಗ್ಗ ಮುಟ್ಟದಿಲ್ಲ."

ಅವರು ಫಾರಂನಲ್ಲಿ 'ಇನಾಪರಬಲ್' ಎಂದು ಬರೆದರು. ಮುದ್ದಿಗೆ ನನ್ನನ್ನು 'ಕಣ್ಣು' ಎನ್ನುವ ಅತ್ತೆ ನನ್ನತ್ತ ತಿರುಗಿದರು.

"ಏನು ಬರದ, ಕಣ್ಣು?"

"ಓಡಿಸೋಕೆ ಆಗದ್ದು ಅಂತ."

ಅತ್ತೆ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯ ಅಂಚಿಗೆ ಹೋಗಿ ನಿಂತರು. ಮದುವೆಯಾಗಿ ಬಂದಂದಿನಿಂದ ಒಂದು ಅಮಾವಾಸ್ಯೆಯಂದೂ ಅವರು ಅದರೊಳಗೆ ಕಾಲಿಟ್ಟವರಲ್ಲ. ಚೀಟಿಗಾಗಿ ಇಳಿದೇಬಿಡುತ್ತಾರೇನೋ ಎಂದುಕೊಂಡೆ. ಅವರು ಇಳಿಯಲಿಲ್ಲ. ಮಗ್ಗದ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿದರು.

"ಅರ್ಧ ಸೀರೆ ಆಗ್ಯದೆ, ನೋಡು ತಂಬಿ. ಇದೇನು ತಾನಾಗೇ ನೇಯ್ಕೊಂಡ್ತಾ?"

ಅಧಿಕಾರಿ ಆ ಸೀರೆಯನ್ನು ಸ್ವಲ್ಪ ಹೊತ್ತು ನೋಡಿದರು. ಬರೆದ ಪದವನ್ನು ಹೊಡೆದುಹಾಕಿ, "ನಾಳೆ ಬರ್ತೀನಮ್ಮ" ಎಂದು ಹೊರಟರು.

ಕೆಟ್ಟು ನಿಂತದ್ದಕ್ಕೆ ಆ ಪದ ಸರಿ. ಅಮಾವಾಸ್ಯೆಯ ರಜೆಯಲ್ಲಿರುವುದಕ್ಕೂ ಅದನ್ನೇ ಬರೆಯುವುದಾದರೆ, ಭಾನುವಾರ ಮುಚ್ಚಿರುವ ಅವರ ಕಚೇರಿಯ ಬಾಗಿಲಿಗೂ ಅದೇ ಪದವನ್ನು ನಾನೇ ಹೋಗಿ ಅಂಟಿಸಿ ಬರುತ್ತೇನೆ.