ಅಪ್ಪನ ಎಂಜಿನ್ ಪುಸ್ತಕ

ಸೀಮೆಎಣ್ಣೆಯ ವಾಸನೆ ಈಗ ಮನೆಗಳಲ್ಲಿ ಇಲ್ಲ. ಎಲ್ಲೋ ಗ್ಯಾರೇಜಿನ ಮುಂದೆ ಮೂಗಿಗೆ ಬಡಿದರೆ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಶಿಕಾರಿಪುರದ ನಮ್ಮ ಮನೆಯ ಮುಂಭಾಗವೇ ಅಪ್ಪನ ಪ್ರೆಸ್ಸು, ಪ್ರಕಾಶನ ಎಲ್ಲ. ಮಸಿ ಹಿಡಿದ ಅಚ್ಚಿನ ಮೊಳೆಗಳನ್ನು ಸಂಜೆ ಸೀಮೆಎಣ್ಣೆಯಲ್ಲಿ ತೊಳೆದರೆ ಆ ವಾಸನೆ ಅಡುಗೆಮನೆಯ ಅನ್ನದವರೆಗೂ ಬರುತ್ತಿತ್ತು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಪ್ಪ ಕಥೆ, ಪುರಾಣ ಅಚ್ಚು ಹಾಕಿದವನಲ್ಲ. ಹೊಲಿಗೆ, ಸೈಕಲ್ ರಿಪೇರಿ, ಗಡಿಯಾರ ರಿಪೇರಿ, ಹೀಗೆ ಗುರು ಸಿಗದವನಿಗೆ ಪುಸ್ತಕವೇ ಕೆಲಸ ಕಲಿಸಬೇಕು ಅನ್ನುವ ಹುಚ್ಚು ಅವನದು. ನಿಮ್ಮ ಅಜ್ಜನ ಟ್ರಂಕಿನಲ್ಲೂ ಅಂಥದೊಂದು ತೆಳು ಪುಸ್ತಕ ಇದ್ದಿತೇನೋ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅಚ್ಚಿಗೆ ಹೋಗುವ ಮೊದಲು ಪ್ರತಿ ಪುಟವನ್ನೂ ನಾನು ಜೋರಾಗಿ ಓದಬೇಕು. ಆ ಕೆಲಸದ ಗಂಧಗಾಳಿ ಇಲ್ಲದ ಅವ್ವ ಕೇಳಿಕೊಂಡು ಹಾಗೇ ಮಾಡಬೇಕು. ಅವ್ವ ತಪ್ಪಿದರೆ ತಪ್ಪು ಪುಸ್ತಕದ್ದು. ಸೆರಗು ಸಿಕ್ಕಿಸಿ ಸೈಕಲ್ ಚಕ್ರ ಬಿಚ್ಚುತ್ತ ಅವಳು, "ಹೀಂಗಂದ್ರೆ ಯಾವ ಕಡೆ ತಿರುಗ್ಸೋದು, ಬರ್ದೋರಿಗಾದ್ರೂ ಗೊತ್ತಾ?" ಎಂದು ಅಪ್ಪನನ್ನು ಛೇಡಿಸುತ್ತಿದ್ದಳು. ಡೀಸೆಲ್ ಎಂಜಿನ್ ಪುಸ್ತಕದ ಹೊತ್ತಿಗೆ ಅವಳು ಹೆರಿಗೆಗೆಂದು ಸೊರಬದ ತವರಿಗೆ ಹೋಗಿದ್ದಳು. ಹಳ್ಳಿಗಳಿಗೆ ಪಂಪು ಬರತೊಡಗಿದ್ದವು, ಅಪ್ಪನಿಗೆ ಕಾಯುವ ತಾಳ್ಮೆ ಇರಲಿಲ್ಲ. ಆ ಪುಸ್ತಕ ಬರೆದುಕೊಟ್ಟಿದ್ದ ಎಂಜಿನ್ ಮಿಸ್ತ್ರಿ ಬಸಣ್ಣನನ್ನೇ ಅವ್ವನ ಜಾಗದಲ್ಲಿ ನಿಲ್ಲಿಸಿದ. ನಾನು ಓದಿದೆ, ಅವನ ಕೈ ನನ್ನ ಬಾಯಿಗಿಂತ ಮುಂದೆ ಓಡಿತು. ಎಂಜಿನ್ ತಿರುಗಿಸುವ ಹ್ಯಾಂಡಲ್ ಹಿಡಿಯುವಾಗ ಅವನು ಹೆಬ್ಬೆರಳನ್ನು ಸುತ್ತದೆ ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡ. ನಾನು ಓದಿದ್ದರಲ್ಲಿ ಅದು ಇರಲಿಲ್ಲ. ಕೇಳಬೇಕೆನಿಸಿತು. ಓದು ನಿಲ್ಲಿಸಿದರೆ ಅಪ್ಪ ರೇಗುತ್ತಾನೆಂದು ಮುಂದಿನ ಸಾಲಿಗೆ ಹೋದೆ.

ಪುಸ್ತಕ ಬೇಗ ಖರ್ಚಾಯಿತು. ಸ್ವಲ್ಪ ದಿನಕ್ಕೇ ಆನವಟ್ಟಿ ಕಡೆಯ ರೈತನೊಬ್ಬನ ಸುದ್ದಿ ಬಂತು. ಪುಸ್ತಕ ನೋಡಿಕೊಂಡು ಎಂಜಿನ್ ಚಾಲೂ ಮಾಡಲು ಹೋದಾಗ ಹ್ಯಾಂಡಲ್ ಹಿಂದಕ್ಕೆ ಹೊಡೆದು ಅವನ ಹೆಬ್ಬೆರಳು ಮುರಿದಿತ್ತು. ಬಸಣ್ಣ ಹಣೆ ಬಡಿದುಕೊಂಡ: "ಹೆಬ್ಬಟ್ಟು ಸುತ್ತಿ ಹಿಡೀಬಾರ್ದು ಅಂತ ಬರೀಬೇಕಿತ್ತೇನ್ರೀ? ಅದು ಎಲ್ರಿಗೂ ಗೊತ್ತಿರ್ತತಿ ಅಂದ್ಕಂಡಿದ್ದೆ!" ಅಂದಿನಿಂದ ಅಪ್ಪ ಕೂತಲ್ಲಿ ಕೂರಲಿಲ್ಲ. ಬಿಟ್ಟುಹೋದ ಸಾಲನ್ನು ಚೀಟಿಗಳಲ್ಲಿ ಅಚ್ಚು ಹಾಕಿ, ಅಂಟಿನ ಡಬ್ಬಿ ಹಿಡಿದು, ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು, ಪುಸ್ತಕ ಕೊಂಡವರ ಮನೆ ಹುಡುಕಿ ಹುಡುಕಿ ಅಂಟಿಸಿದ. ಈಸೂರಿನಲ್ಲಿ ಊಟಕ್ಕೆ ಕರೆದರೂ ಕೂರದೆ ಮುಂದಿನ ಊರಿಗೆ ನಡೆದನಂತೆ.

ಶಾಲೆಗೆ ರಜೆ ಇದ್ದ ದಿನ ಆ ರೈತನಲ್ಲಿಗೆ ನನ್ನನ್ನೂ ಕರೆದೊಯ್ದ. ಹೆಬ್ಬೆರಳು ಸೊಟ್ಟಗೆ ಕೂಡಿಕೊಂಡಿತ್ತು. ಅಪ್ಪ ಕೈಮುಗಿದು ಪುಸ್ತಕ ವಾಪಸ್ ಕೇಳಿದ.

"ಬ್ಯಾಡ್ರೀ," ಎಂದ ಅವನು. "ಉಳಿದದ್ದೆಲ್ಲ ಇದನ್ನ ನೋಡೇ ಕಲ್ತೀನಿ. ಎಂಜಿನ್ ಈಗ ನನ್ನ ಮಾತು ಕೇಳ್ತತಿ."

ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದ. ವಾಪಸ್ ಬರುವ ಬಸ್ಸಿನಲ್ಲಿ ನಾನು ಹೇಳಿಬಿಡಬೇಕೆಂದು ಹತ್ತು ಸಲ ಬಾಯಿ ತೆರೆದೆ. ಶಿರಾಳಕೊಪ್ಪ ದಾಟುವಾಗ ಅವನೇ ನನ್ನ ಬೆನ್ನ ಮೇಲೆ ಕೈಯಿಟ್ಟು, "ನೀ ಚಲೋ ಓದಿದ್ದಿ ಮಗಾ. ತಪ್ಪು ನಂದು," ಎಂದ.

ಆಮೇಲೆ ಅಪ್ಪ ಒಂದು ಪುಸ್ತಕವನ್ನೂ ಹೊರತರಲಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕುತ್ತ ಉಳಿದ ಆಯುಷ್ಯ ಕಳೆದ. ಅವ್ವ ಹೋದಳು, ಅವನೂ ಹೋದ. ಬಸಣ್ಣನ ಹೆಬ್ಬೆರಳನ್ನು ನಾನು ಅಂದೇ ನೋಡಿದ್ದೆ ಎಂದು ಅವನಿಗೆ ಹೇಳಲೇ ಇಲ್ಲ.